ಮಾಡು ಬಿಚ್ಚಿದ ನಾಲ್ವರು

ಕಿರು ಕ್ರೈಸ್ತ ಸಮುದಾಯಗಳ ಕೂಟಕ್ಕಾಗಿ ಅಧ್ಯಯನ ಪಾಠ
ಮೊದಲು ಓದಿಕೊಳ್ಳಬೇಕಾದ ಭಾಗಗಳು: ಮಾರ್ಕ 2:1-12, ಲೂಕ 10:25-37, ಸಿರಾಖ 38:1-15



ಕಫೆರ್ನವುಮಿನ ಆ ಮನೆಯ ಪ್ರಸಂಗ ನಮಗೆಲ್ಲ ಗೊತ್ತಿರುವುದೇ. ಒಳಗೆ ಪ್ರಭು ಯೇಸು ಬೋಧಿಸುತ್ತಿದ್ದಾರೆ. ಜಗಲಿಯಲ್ಲಿ, ಬಾಗಿಲಲ್ಲಿ, ಅಂಗಳದಲ್ಲಿ ಜನವೋ ಜನ. ಪಾರ್ಶ್ವವಾಯು ಬಡಿದವನೊಬ್ಬನನ್ನು ನಾಲ್ವರು ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿಯಿಲ್ಲ. ಹಿಂದೆ ಹೋಗುವ ಬದಲು ಅವರು ಮಾಡು ಹತ್ತಿ, ಅದನ್ನು ಬಿಚ್ಚಿ, ರೋಗಿಯನ್ನು ನೇರ ಪ್ರಭುವಿನ ಮುಂದೆ ಇಳಿಸುತ್ತಾರೆ.

ಈ ಪ್ರಸಂಗದಲ್ಲಿ ನಾವು ಬೇಗ ದಾಟಿಹೋಗುವ ಮೂರು ಸಂಗತಿಗಳಿವೆ. ಒಂದು, ಹೊತ್ತು ತಂದ ನಾಲ್ವರ ಹೆಸರು ಯಾರಿಗೂ ಗೊತ್ತಿಲ್ಲ. ಎರಡು, ಪ್ರಭು ಮೆಚ್ಚಿದ್ದು ರೋಗಿಯೊಬ್ಬನ ವಿಶ್ವಾಸವನ್ನಲ್ಲ, ಅವರೆಲ್ಲರ ವಿಶ್ವಾಸವನ್ನು. ಮೂರು, ಗುಣಪಡಿಸಿದ್ದು ಯೇಸುವೇ. ಆದರೆ ಆ ನಾಲ್ವರು ಇಲ್ಲದಿದ್ದರೆ ರೋಗಿ ತನ್ನ ಮನೆಯ ಮೂಲೆಯಲ್ಲೇ ಉಳಿಯುತ್ತಿದ್ದ. ಗುಣಪಡಿಸುವವರು ಇದ್ದರೆ ಸಾಲದು, ಅವರ ತನಕ ತಲುಪಿಸುವವರೂ ಬೇಕು.

ನಮ್ಮ ಕಾಸರಗೋಡಿನಲ್ಲೂ ಮಾತು ಹೀಗೆಯೇ. ಔಷಧ ಉಂಟು, ವೈದ್ಯರೂ ಇದ್ದಾರೆ. ಹಾಸಿಗೆ ಹಿಡಿದ ಅಜ್ಜಿಗೂ ಆ ಔಷಧಕ್ಕೂ ನಡುವೆ ಮಾತ್ರ ಗುಡ್ಡದ ದಾರಿ, ಬಸ್ಸಿಲ್ಲದ ಹೊತ್ತು, ಜೀಪಿನ ಬಾಡಿಗೆ, ಅರ್ಥವಾಗದ ಭಾಷೆ, ಸಂಕೋಚ ಎಲ್ಲ ಇವೆ. ಈ ಮಾಡನ್ನು ಬಿಚ್ಚುವುದು ಹೇಗೆ ಎಂಬುದೇ ಈ ಪಾಠದ ವಿಷಯ. ಅದಕ್ಕೆ ದೂರದ ಉದಾಹರಣೆ ಬೇಡ. ನಾವಿರುವ ಕೇರಳದಲ್ಲೇ ಜನರು, ಸರಕಾರ, ವೈದ್ಯರು ಕೂಡಿ ಕಟ್ಟಿದ ಒಂದು ವ್ಯವಸ್ಥೆಯನ್ನು ಲೋಕದ ನಾನಾ ದೇಶದವರು ಬಂದು ನೋಡಿ ಕಲಿತು ಹೋಗಿದ್ದಾರೆ. ನಮ್ಮ ಬಾಯಲ್ಲಿ ಅದಕ್ಕೆ "ಪಾಲಿಯೇಟಿವ್" ಎಂದೇ ಹೆಸರು.

1. ಪಾಲಿಯೇಟಿವ್ ಎಂದರೆ ಏನು?

"ಪಾಲಿಯೇಟಿವ್‌ನವರು ಬಂದಿದ್ದರು" ಎಂದರೆ "ಇನ್ನು ಆ ಮನೆಯಲ್ಲಿ ಹೆಚ್ಚು ದಿನವಿಲ್ಲ" ಎಂದು ಹಲವರು ತಿಳಿಯುತ್ತಾರೆ. ಇದು ತಪ್ಪು ತಿಳಿವಳಿಕೆ. ಪೂರ್ತಿ ಗುಣಪಡಿಸಲಾಗದ ಅಥವಾ ಬಹುಕಾಲ ಎಳೆಯುವ ಕಾಯಿಲೆಯಲ್ಲಿ ರೋಗಿಯ ನೋವು, ಉಸಿರುಗಟ್ಟುವುದು, ವಾಂತಿ, ಹುಣ್ಣು, ನಿದ್ದೆಗೇಡು, ಭಯ ಇವನ್ನು ತಗ್ಗಿಸಿ, ಇರುವಷ್ಟು ದಿನ ನೆಮ್ಮದಿಯಿಂದ ಬದುಕಲು ನೆರವಾಗುವುದೇ ಈ ಆರೈಕೆ. ಕನ್ನಡದಲ್ಲಿ ಇದನ್ನು ಉಪಶಮನ ಆರೈಕೆ ಎನ್ನುತ್ತಾರೆ. ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವಾಗಲೂ ಇದನ್ನು ಪಡೆಯಬಹುದು. ಪಾರ್ಶ್ವವಾಯು, ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಬಲ ಹೋದವರು, ಮೂತ್ರಪಿಂಡದ ಕಾಯಿಲೆ, ಮುಪ್ಪಿನ ನಿಶ್ಶಕ್ತಿ, ಮರೆವಿನ ರೋಗ, ಹುಟ್ಟಿನಿಂದಲೇ ಅಂಗವೈಕಲ್ಯವಿರುವ ಮಕ್ಕಳು, ಇವರೆಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ.

ಈ ಆರೈಕೆಗೆ ಇಂದಿನ ರೂಪ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಆಮೇಲೆ ಸಮಾಜಸೇವಕಿ, ಕೊನೆಗೆ ವೈದ್ಯೆಯೂ ಆದ ಇವರು 1967ರಲ್ಲಿ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಆರೈಕೆ ಮನೆ ತೆರೆದರು. ನೋವು ಮೈಗೆ ಮಾತ್ರ ಸೇರಿದ್ದಲ್ಲ. ಮನಸ್ಸಿನ ನೋವು, ಕುಟುಂಬದ ಚಿಂತೆ, "ದೇವರು ನನಗೇಕೆ ಹೀಗೆ ಮಾಡಿದ" ಎಂಬ ಆತ್ಮದ ನೋವು ಎಲ್ಲವೂ ಕೂಡಿಕೊಂಡೇ ಇರುತ್ತವೆ ಎಂಬುದು ಅವರ ಮುಖ್ಯ ಬೋಧನೆ. ಭಾರತದಲ್ಲಿ 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಶಾಂತಿ ಅವೇದನಾ ಸದನ ಆರಂಭವಾಯಿತು. ಕನ್ಯಾಸ್ತ್ರೀಯರ ಸೇವೆಯಿಂದ ನಡೆದುಬಂದ ಆ ಮನೆ ಸಾವಿರಾರು ಕ್ಯಾನ್ಸರ್ ರೋಗಿಗಳಿಗೆ ಕೊನೆಯ ಆಸರೆಯಾಯಿತು.

ಆದರೆ ಕಟ್ಟಡದಲ್ಲಿ ಎಷ್ಟು ಹಾಸಿಗೆ ಹಾಕಿದರೂ ಊರಿನ ಎಲ್ಲ ರೋಗಿಗಳಿಗೆ ಸಾಲದು. ಹಳ್ಳಿಯ ರೋಗಿಗೆ ಬೇಕಾದದ್ದು ತನ್ನ ಮನೆ, ತನ್ನ ಜನ. ಉಪಶಮನ ಆರೈಕೆ ಬೇಕಾದವರಲ್ಲಿ ಅದು ಸಿಗುತ್ತಿರುವುದು ಸುಮಾರು 14 ಶೇಕಡಾ ಮಂದಿಗೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂಥ ಕೊರತೆಗೆ ಕೇರಳ ಬೇರೊಂದು ಉತ್ತರ ಕಂಡುಕೊಂಡಿತು.

2. ಕೋಝಿಕ್ಕೋಡಿನ ಕೋಣೆಯಿಂದ ಮಲಪ್ಪುರದ ಮನೆಗಳಿಗೆ

1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಪೈನ್ ಆ್ಯಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. ಬಂದ ರೋಗಿಗಳಿಗೆ ನೋವಿನ ಔಷಧ ಸಿಕ್ಕಿತು. ಆದರೆ ಬೇಗನೆ ಒಂದು ಸತ್ಯ ಗೊತ್ತಾಯಿತು. ಹೆಚ್ಚು ನೋವಿರುವವರು ಆಸ್ಪತ್ರೆಗೆ ಬರಲಾಗದವರೇ. ಇನ್ನು, ಬಂದವರ ಕಷ್ಟಗಳಲ್ಲಿ ವೈದ್ಯರ ಕೈಯಲ್ಲಿರುವುದು ಸ್ವಲ್ಪವೇ. ಮನೆಯಲ್ಲಿ ಅಕ್ಕಿ ಇಲ್ಲ, ಮಗಳು ಶಾಲೆ ಬಿಟ್ಟಿದ್ದಾಳೆ, ಹೆಂಡತಿ ತಿಂಗಳುಗಟ್ಟಲೆ ರಾತ್ರಿ ನಿದ್ದೆ ಮಾಡಿಲ್ಲ, ನೆರೆಯವರು ಬರುವುದನ್ನು ನಿಲ್ಲಿಸಿದ್ದಾರೆ. ಇವಕ್ಕೆಲ್ಲ ಮದ್ದಿನ ಚೀಟಿ ಬರೆಯಲಾಗುತ್ತದೆಯೇ?

ಇದಕ್ಕೆ ಉತ್ತರ ಹುಡುಕುತ್ತ 2000ದ ಆಸುಪಾಸಿನಲ್ಲಿ ಮಲಪ್ಪುರ ಜಿಲ್ಲೆಯಲ್ಲಿ ನೆರೆಹೊರೆಯ ಜಾಲವೊಂದು ಬೆಳೆಯಿತು. ವಾರಕ್ಕೆ ಕಡಿಮೆಯೆಂದರೆ ಎರಡು ಗಂಟೆ ತಮ್ಮ ಊರಿನ ರೋಗಿಗಳಿಗಾಗಿ ಕೊಡಬಲ್ಲವರು ಮುಂದೆ ಬರಲಿ ಎಂದು ಕರೆ ಕೊಟ್ಟರು. ಕೃಷಿಕರು, ಅಧ್ಯಾಪಕರು, ಅಂಗಡಿಯವರು, ಗೃಹಿಣಿಯರು, ಕಾಲೇಜು ಮಕ್ಕಳು ಬಂದರು. ಹಾಗೆಂದು ಯಾರನ್ನೂ ನೇರವಾಗಿ ರೋಗಿಯ ಬಳಿಗೆ ಕಳುಹಿಸಲಿಲ್ಲ. 16 ಗಂಟೆಗಳ ಪಾಠ, ಆಮೇಲೆ ನಾಲ್ಕು ದಿನ ಅನುಭವಿಗಳ ಜೊತೆ ರೋಗಿಗಳ ಬಳಿ ಕಲಿಕೆ. ಮಾತನಾಡುವುದು ಹೇಗೆ, ಸುಮ್ಮನೆ ಕುಳಿತು ಕೇಳುವುದು ಹೇಗೆ, ಹುಣ್ಣಿನ ಆರೈಕೆ ಹೇಗೆ ಎಂದು ಕಲಿತ ಮೇಲೆಯೇ ಮನೆಭೇಟಿ.

ಈ ಕೆಲಸಕ್ಕೆ ದೊಡ್ಡ ದಾನಿಗಳನ್ನು ಕಾಯಲಿಲ್ಲ. ಹಣದ ಹೆಚ್ಚಿನ ಪಾಲು ಊರವರ ಸಣ್ಣ ಸಣ್ಣ ಕಾಣಿಕೆಯಿಂದಲೇ ಬಂತು: ಅಂಗಡಿಯ ಡಬ್ಬಿ, ಶಾಲಾ ಮಕ್ಕಳ ಚಿಲ್ಲರೆ, ಕೂಲಿಯಲ್ಲಿ ಉಳಿಸಿದ ನೋಟು. ಮಲಪ್ಪುರದಲ್ಲಿ ಮುಸ್ಲಿಮರೇ ಹೆಚ್ಚು. ಆದರೆ ಆರೈಕೆಗೆ ಜಾತಿ ಮತ ಪಕ್ಷಗಳ ಬೇಲಿ ಹಾಕಲಿಲ್ಲ. ಕಾಸು ಕೊಟ್ಟ ಊರಿಗೆ "ಇದು ನಮ್ಮದು" ಎಂಬ ಹಕ್ಕು ಬಂತು. ದೊಡ್ಡ ಮೊತ್ತ ಒಮ್ಮೆ ಬಂದು ನಿಂತುಹೋಗುತ್ತದೆ, ಆದರೆ ನೂರು ಮನೆಯ ಹತ್ತು ರೂಪಾಯಿ ತಿಂಗಳು ತಿಂಗಳೂ ಬರುತ್ತದೆ.

3. ಪಂಚಾಯತಿನ ಪಾಲು

ಸ್ವಯಂಸೇವಕರ ಉತ್ಸಾಹ ಒಂದರಿಂದಲೇ ವ್ಯವಸ್ಥೆ ಉಳಿಯುವುದಿಲ್ಲ. 2008ರಲ್ಲಿ ಕೇರಳ ಸರಕಾರ ಉಪಶಮನ ಆರೈಕೆಗೆ ಪ್ರತ್ಯೇಕ ನೀತಿಯನ್ನು ಹೊರಡಿಸಿತು. ಭಾರತದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಕೇರಳ. ಮನೆಗೆ ಹೋಗಿ ಮಾಡುವ ಆರೈಕೆಯೇ ಈ ನೀತಿಯ ಬೇರು. ಪಂಚಾಯತುಗಳು ತಮ್ಮ ಯೋಜನಾ ಹಣದಿಂದ ಇದಕ್ಕೆ ಪಾಲು ತೆಗೆದಿಡುವ ಪದ್ಧತಿ ಬಂತು. ಊರಿನ ಆರೋಗ್ಯ ಕೇಂದ್ರಕ್ಕೆ ಸೇರಿಕೊಂಡು ತರಬೇತಿ ಪಡೆದ ಪಾಲಿಯೇಟಿವ್ ನರ್ಸ್ ಒಬ್ಬರು ಇರುತ್ತಾರೆ. ಆಶಾ ಕಾರ್ಯಕರ್ತೆ, ವಾರ್ಡ್ ಸದಸ್ಯರು, ಸ್ವಯಂಸೇವಕರ ಜೊತೆ ಅವರು ಮನೆಮನೆಗೆ ಹೋಗುತ್ತಾರೆ. ಹಾಸಿಗೆಹುಣ್ಣು ತೊಳೆದು ಕಟ್ಟುವುದು, ಮೂತ್ರದ ಟ್ಯೂಬ್ ಬದಲಿಸುವುದು, ಮನೆಯವರಿಗೆ ಆರೈಕೆ ಕಲಿಸುವುದು ಇವರ ಕೆಲಸ. ಅಲ್ಲಿ ಆಗದ್ದಕ್ಕೆ ಸಮುದಾಯ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆ, ಅದಕ್ಕೂ ಮೇಲೆ ಜಿಲ್ಲಾ ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜು. ವರ್ಷವೂ ಜನವರಿ 15ನ್ನು ಕೇರಳದಲ್ಲಿ ಪಾಲಿಯೇಟಿವ್ ದಿನವೆಂದು ಆಚರಿಸುತ್ತೇವೆ.

ಇಲ್ಲಿ ಮೂರು ಕೈಗಳು ಕೂಡಿದ್ದನ್ನು ಗಮನಿಸಿ. ಸರಕಾರದ ಕೈಯಿಂದ ನರ್ಸ್, ಔಷಧ, ವಾಹನ. ವೈದ್ಯರ ಕೈಯಿಂದ ತಿಳಿವಳಿಕೆ. ಊರವರ ಕೈಯಿಂದ ಹೊತ್ತು, ಒಡನಾಟ, ಅಕ್ಕಿ, ಬಾಡಿಗೆಗೆ ಚಿಲ್ಲರೆ. ಯಾವ ಕೈ ಹಿಂದೆ ಸರಿದರೂ ಹಾಸಿಗೆ ಒಂದು ಬದಿಗೆ ವಾಲುತ್ತದೆ.

ದಯಾಳು ಸಮಾರಿಯದವನ ಸಾಮತಿಯಲ್ಲೂ ಇದೇ ಇದೆ. ಗಾಯಗೊಂಡವನನ್ನು ಅವನು ಕತ್ತೆಯ ಮೇಲೆ ಏರಿಸಿ ಛತ್ರಕ್ಕೆ ಕರೆತಂದ. ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಮಿಕ್ಕ ಖರ್ಚನ್ನು ಮರಳಿ ಬರುವಾಗ ತೀರಿಸುವೆನೆಂದು ಮಾತು ಕೊಟ್ಟ. ಕರುಣೆ ದಾರಿಯಲ್ಲಿ ಹುಟ್ಟಿತು, ಆದರೆ ಗಾಯ ಮಾಯಲು ಛತ್ರ ಬೇಕಾಯಿತು, ಹಣದ ಲೆಕ್ಕ ಬೇಕಾಯಿತು, ಮತ್ತೆ ಬರುವ ಭರವಸೆಯೂ ಬೇಕಾಯಿತು. ನಾವು ಹೆಚ್ಚಾಗಿ ದಾರಿಯ ಕರುಣೆಯನ್ನೇ ಬೋಧಿಸಿ ಛತ್ರದವನನ್ನು ಮರೆಯುತ್ತೇವೆ.

4. ನಮ್ಮ ಜಿಲ್ಲೆಯ ಗಾಯಗಳು

1984ರಲ್ಲಿ ರೂಪುಗೊಂಡ ನಮ್ಮ ಜಿಲ್ಲೆ ಕೇರಳದ ಬಡಗಣ ತುದಿ. ದೊಡ್ಡ ಕಾಯಿಲೆ ಎಂದರೆ ನಮ್ಮ ಹಿರಿಯರ ಕಾಲದಿಂದಲೂ ಮಂಗಳೂರೇ ಗತಿ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾರಣದಿಂದ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಈ ಅವಲಂಬನೆ ಎಷ್ಟು ಅಪಾಯದ್ದು ಎಂದು ಎಲ್ಲರಿಗೂ ಅರಿವಾಯಿತು. ಮಂಗಳೂರಿಗೆ ಹೋಗಲಾಗದೆ ನಮ್ಮ ಭಾಗದ ಹಲವು ರೋಗಿಗಳು ತೀರಿಕೊಂಡರು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯಿತು. ಅದೇ ಏಪ್ರಿಲಿನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡವನ್ನು ತರಾತುರಿಯಿಂದ ಕೋವಿಡ್ ಆಸ್ಪತ್ರೆಯಾಗಿ ತೆರೆಯಬೇಕಾಯಿತು.

ಅದಕ್ಕೂ ಹಳೆಯ ಗಾಯ ಎಂಡೋಸಲ್ಫಾನಿನದು. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಈ ವಿಷ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಕನ್ನಡ ತುಳು ಹಳ್ಳಿಗಳಲ್ಲಿ ಮಕ್ಕಳ ಅಂಗವೈಕಲ್ಯ, ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್ ಒಂದೇ ಕಡೆ ಕಾಣತೊಡಗಿದಾಗ, ಇದು ಶಾಪವೂ ಅಲ್ಲ, ವಿಧಿಯೂ ಅಲ್ಲ, ಕಾರಣ ಹುಡುಕಬೇಕು ಎಂದು ಎಚ್ಚರಿಸಿದವರಲ್ಲಿ ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ ಮೊದಲಿಗರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಆದರೆ ಹಣ ಬಂದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ಇಪ್ಪತ್ತು, ಮೂವತ್ತು ವರ್ಷದ ಮಗನನ್ನು ಇಂದಿಗೂ ಎತ್ತಿ ಮೀಯಿಸುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಅವರ ಸೊಂಟ ಸೋತಿದೆ. ಅವರ ಎದೆಯಲ್ಲಿರುವ ಪ್ರಶ್ನೆ ಒಂದೇ: "ನಾನು ಹೋದ ಮೇಲೆ ಇವನನ್ನು ಯಾರು ನೋಡುವರು?"

ಆ ಪ್ರಶ್ನೆಗೆ ಉತ್ತರ ಕೊಡುವ ಭಾರ ಸರಕಾರದ್ದು ಮಾತ್ರವಲ್ಲ, ನೆರೆಯವರದೂ ಹೌದು.

5. ನೋವಿಗೆ ಯಾವ ಭಾಷೆ?

ನಮ್ಮದು ಏಳು ಭಾಷೆಗಳ ನಾಡು ಎಂದು ಹೆಮ್ಮೆಪಡುತ್ತೇವೆ. ಇಗರ್ಜಿಯಲ್ಲಿ ಕೊಂಕಣಿ, ಕನ್ನಡ, ಮಲಯಾಳ ಬಲಿಪೂಜೆಗಳು ಒಂದರ ಹಿಂದೆ ಒಂದು ನಡೆಯುತ್ತವೆ. ನಾವು ಅಂಗಳದಲ್ಲಿ ತುಳು ಮಾತನಾಡುತ್ತೇವೆ, ಪ್ರಾರ್ಥನೆಯನ್ನು ಕನ್ನಡದಲ್ಲಿ ಓದುತ್ತೇವೆ. ಪೇಟೆಗೆ ಹೋಗಿಬರುವವರಿಗೆ ಇದು ತೊಡಕಲ್ಲ. ಆದರೆ ಹಾಸಿಗೆ ಹಿಡಿದ ಎಂಬತ್ತರ ಅಜ್ಜಿಗೆ ಕಾಯಿಲೆಯಲ್ಲಿ ಉಳಿಯುವುದು ಒಂದೇ ಭಾಷೆ, ಬಾಲ್ಯದ್ದು.

ಬರುವ ನರ್ಸ್ ಮಲಯಾಳ ಮಾತನಾಡುವವರು ಎಂದಿಟ್ಟುಕೊಳ್ಳಿ. ಒಳ್ಳೆಯವರು, ಪ್ರೀತಿಯವರು. ಅಜ್ಜಿ "ಸಂಕಟ ಆಗ್ತದೆ ಮಗಾ" ಎನ್ನುತ್ತಾರೆ. ನಮ್ಮ ಸಂಕಟ ಎಂದರೆ ಹೊಟ್ಟೆ ತೊಳಸುವುದು, ಎದೆ ಹಿಂಡುವುದು, ಮೈಯ ತಳಮಳ. ಮಲಯಾಳದ ಸಂಕಟವೋ ಬರೀ ದುಃಖ. ನರ್ಸ್ ಅಜ್ಜಿಯ ಕೈ ಹಿಡಿದು ಸಮಾಧಾನ ಹೇಳುತ್ತಾರೆ, ಆದರೆ ವಾಂತಿಯ ಔಷಧದ ಮಾತು ಬರುವುದೇ ಇಲ್ಲ. ನರ್ಸ್ "ಕ್ಷೀಣಂ ಉಂಡೋ?" ಎಂದು ಕೇಳಿದರೆ ಅದು ಆಯಾಸವಿದೆಯೇ ಎಂಬ ಸಾದಾ ಪ್ರಶ್ನೆ. ಕನ್ನಡದ ಕಿವಿಗೆ ಅದು "ಮೈ ಕರಗಿ ಹೋಗುತ್ತಿದೆಯೇ?" ಎಂದು ಕೇಳಿಸಬಹುದು.

ಇದು ತಮಾಷೆಯ ಮಾತಲ್ಲ. ನೋವಿನ ಔಷಧ ನಿಲ್ಲುವುದೇ ರೋಗಿಯ ಮಾತಿನ ಮೇಲೆ. ಉರಿಯುವ, ಕರೆಂಟು ಹೊಡೆದಂತೆ ಸಿಡಿಯುವ, ಜೋಮು ಹಿಡಿದಂತಾಗುವ ನೋವು ನರದ್ದಾಗಿರಬಹುದು. ಅದಕ್ಕೆ ಬೇರೆ ಬಗೆಯ ಮಾತ್ರೆ ಬೇಕಾಗುತ್ತದೆ. ಎಲುಬಿನಲ್ಲಿ ಕೊರೆಯುವ, ಅಲುಗಿದರೆ ಹೆಚ್ಚುವ ನೋವಿಗೆ ಚಿಕಿತ್ಸೆ ಬೇರೆ. ಹೊಟ್ಟೆಯಲ್ಲಿ ಬಂದು ಬಂದು ಹಿಂಡುವ ನೋವಿಗೂ ಬೇರೆ. ಉರಿ, ಸೆಳೆತ, ತಿವಿತ, ಸಿಡಿತ, ಜೋಮು ಎಂದು ನಮ್ಮ ಕನ್ನಡದಲ್ಲಿ ಪದಗಳಿಗೇನು ಕಡಿಮೆ? ಎಲ್ಲವನ್ನೂ ಸೇರಿಸಿ ಯಾರಾದರೂ "ವೇದನ" ಎಂಬ ಒಂದೇ ಮಾತಿಗೆ ಇಳಿಸಿ ಹೇಳಿದರೆ ರೋಗಿ ಕಳೆದುಕೊಳ್ಳುವುದು ಬರೀ ಪದಗಳನ್ನಲ್ಲ.

ಆದ್ದರಿಂದ ಎರಡೂ ಭಾಷೆ ಬಲ್ಲ ನಮ್ಮ ಯುವಜನರು ಮಾಡಬಹುದಾದ ದೊಡ್ಡ ಸೇವೆಯೊಂದು ಇಲ್ಲಿದೆ. ನರ್ಸ್ ಬರುವ ದಿನ ರೋಗಿಯ ಪಕ್ಕ ಕುಳಿತು, ಅವರ ಮಾತನ್ನು ಕೂಡಿಸದೆ ಕಳೆಯದೆ ದಾಟಿಸುವುದು. ಮನೆಯವರೇ ಅನುವಾದಿಸಿದರೆ ಹಲವು ಸಲ ಮಾತು ಸೋರಿಹೋಗುತ್ತದೆ. ಸೊಸೆಯ ಮುಂದೆ ಮಲಬದ್ಧತೆಯ ಮಾತು ಎತ್ತಲು ಅಜ್ಜಿಗೆ ನಾಚಿಕೆ. ತಂದೆ "ಸಾಕಾಯ್ತು" ಎಂದದ್ದನ್ನು ಮಗ ಹೇಳದೆ ನುಂಗುತ್ತಾನೆ.

ಇನ್ನೊಂದು ಹಕ್ಕೂ ನಮಗಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ನಮ್ಮ ಭಾಗದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಉತ್ತರ ಕೇಳಬಹುದು. ರೋಗಿಯ ಪಿಂಚಣಿಗೆ, ಆರೋಗ್ಯ ಕೇಂದ್ರದ ನೆರವಿಗೆ ಅರ್ಜಿ ಬರೆಯುವಾಗ ಇದನ್ನು ನೆನಪಿಡಿ. ಕನ್ನಡ ಬಲ್ಲ ನರ್ಸ್, ಆಶಾ ಕಾರ್ಯಕರ್ತೆ ಬೇಕೆಂದು ಗ್ರಾಮಸಭೆಯಲ್ಲಿ ಎದ್ದು ಕೇಳುವುದು ಜಗಳವಲ್ಲ. ಅದು ರೋಗಿಯ ಪರವಾದ ಮಾತು.

6. ನೋವು ಸಹಿಸಲೇಬೇಕೇ?

ನಮ್ಮ ಮನೆಗಳಲ್ಲಿ ಕೇಳಿಬರುವ ಎರಡು ಸಂದೇಹಗಳಿಗೆ ಇಲ್ಲಿ ಉತ್ತರ ಬೇಕು.

ಮೊದಲನೆಯದು, "ಮಾರ್ಫಿನ್ ಕೊಟ್ಟರೆ ಚಟ ಹಿಡಿಯುತ್ತದೆ, ಬೇಗ ಸಾವು ಬರುತ್ತದೆ." ಕ್ಯಾನ್ಸರಿನಂಥ ತೀವ್ರ ನೋವಿಗೆ ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ಬಾಯಿಯ ಮೂಲಕ ತೆಗೆದುಕೊಳ್ಳುವ ಮಾರ್ಫಿನ್ ಮಾತ್ರೆ ಸುರಕ್ಷಿತ. ಅದರಿಂದ ಚಟ ಹಿಡಿಯುವುದು ಅಪರೂಪ. ಸರಿಯಾದ ಅಳತೆಯಲ್ಲಿ ಅದು ಸಾವನ್ನು ಕರೆಯುವುದಿಲ್ಲ. ನೋವು ಇಳಿದಾಗ ರೋಗಿ ಉಣ್ಣುತ್ತಾರೆ, ಮಲಗುತ್ತಾರೆ, ಮೊಮ್ಮಕ್ಕಳ ಜೊತೆ ಮಾತನಾಡುತ್ತಾರೆ. ಸಾದಾ ಮಾತ್ರೆ ಸಾಮಾನ್ಯವಾಗಿ ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಆದ್ದರಿಂದ ನೋವು ಬಂದ ಮೇಲೆ ಅಲ್ಲ, ಬರುವ ಮುಂಚೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಮಲಬದ್ಧತೆ ಅದರ ಜೊತೆಗೇ ಬರುವ ತೊಂದರೆ. ಅದಕ್ಕೆ ಔಷಧವನ್ನು ಮೊದಲೇ ಕೇಳಿಕೊಳ್ಳಬೇಕು. ನೆರೆಯವರಿಗೆ ಹಂಚುವುದು, ತಾವೇ ಅಳತೆ ಹೆಚ್ಚಿಸುವುದು ಕೂಡದು. ಮಾತ್ರೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. 1985ರ ಮಾದಕ ವಸ್ತು ಕಾಯಿದೆಯ ಬಿಗಿ ನಿಯಮಗಳಿಂದ ದೇಶದ ರೋಗಿಗಳಿಗೆ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. ಡಾ. ರಾಜಗೋಪಾಲ್ ಮತ್ತಿತರರು ಬಹಳ ವರ್ಷ ಹೋರಾಡಿದ ಮೇಲೆ 2014ರಲ್ಲಿ ಸಂಸತ್ತು ಅದನ್ನು ತಿದ್ದಿತು.

ಎರಡನೆಯದು ವಿಶ್ವಾಸದ ಸಂದೇಹ. "ಪ್ರಭು ಶಿಲುಬೆ ಹೊತ್ತರು, ನಾನು ನೋವಿನ ಮಾತ್ರೆ ನುಂಗಿದರೆ ಆ ಶಿಲುಬೆಯನ್ನು ಕೆಳಗಿಟ್ಟಂತಾಗದೆ?" ಧರ್ಮಸಭೆಯ ಉತ್ತರ ಸ್ಪಷ್ಟವಾಗಿದೆ. 1957ರಲ್ಲಿಯೇ ಜಗದ್ಗುರು ಹನ್ನೆರಡನೇ ಪಿಯುಸ್, ಅರಿವಳಿಕೆ ವೈದ್ಯರು ಕೇಳಿದ ಪ್ರಶ್ನೆಗೆ ಉತ್ತರಿಸುತ್ತ, ನೋವು ತಗ್ಗಿಸಲು ಔಷಧ ಬಳಸುವುದು ನ್ಯಾಯವೆಂದು ತಿಳಿಸಿದರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2279ನೇ ಕಲಮಿನಲ್ಲಿ ಉಪಶಮನ ಆರೈಕೆಯನ್ನು ನಿಸ್ವಾರ್ಥ ಪ್ರೀತಿಯ ವಿಶೇಷ ರೂಪವೆಂದು ಎಣಿಸಿ, ಅದಕ್ಕೆ ಪ್ರೋತ್ಸಾಹ ಕೊಡಬೇಕೆನ್ನುತ್ತದೆ. 2020ರಲ್ಲಿ ವ್ಯಾಟಿಕನ್ ಹೊರಡಿಸಿದ ಪತ್ರವೊಂದು ದಯಾಳು ಸಮಾರಿಯದವನ ಹೆಸರನ್ನೇ ಹೊತ್ತು, ಗುಣವಾಗದ ರೋಗಿಯೂ ಆರೈಕೆಗೆ ಅರ್ಹನೇ ಎಂದು ಸಾರುತ್ತದೆ. ತನ್ನ ನೋವನ್ನು ಸ್ವಇಚ್ಛೆಯಿಂದ ಪ್ರಭುವಿಗೆ ಒಪ್ಪಿಸುವುದು ಪುಣ್ಯವೇ. ಆದರೆ ಆ ಆಯ್ಕೆ ರೋಗಿಯದು. ಮಾತ್ರೆ ತಡೆಹಿಡಿದು ಇನ್ನೊಬ್ಬರ ಮೇಲೆ ಶಿಲುಬೆ ಹೊರಿಸುವ ಅಧಿಕಾರ ಯಾರಿಗೂ ಇಲ್ಲ. ವೈದ್ಯನನ್ನು ಗೌರವಿಸು, ಮದ್ದು ದೇವರೇ ಭೂಮಿಯಿಂದ ಹುಟ್ಟಿಸಿದ್ದು ಎಂಬ ಸಿರಾಖನ ಬುದ್ಧಿವಾದವೂ ಇದನ್ನೇ ಹೇಳುತ್ತದೆ.

ಹಾಗೆಯೇ ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಕೊನೆಯ ಉಸಿರಿಗೆ ಕಾದಿರಿಸಬೇಡಿ. ಕಾಯಿಲೆ ಗಂಭೀರವಾದಾಗಲೇ, ರೋಗಿಗೆ ಪ್ರಜ್ಞೆ ಇರುವಾಗಲೇ ಗುರುಗಳಿಗೆ ತಿಳಿಸಿ.

7. ನಮ್ಮ ಧರ್ಮಕೇಂದ್ರದ ಪಾಲಿನ ಕೆಲಸ

ಮೊದಲು ಪಟ್ಟಿ. ಪ್ರತಿ ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಹಾಸಿಗೆ ಹಿಡಿದವರು ಯಾರು, ಅವರನ್ನು ನೋಡಿಕೊಳ್ಳುವವರು ಯಾರು, ಪಂಚಾಯತಿನ ಪಾಲಿಯೇಟಿವ್ ಪಟ್ಟಿಯಲ್ಲಿ ಹೆಸರಿದೆಯೇ ಎಂದು ವಿಚಾರಿಸಲಿ. ಇಲ್ಲದಿದ್ದರೆ ಆಶಾ ಕಾರ್ಯಕರ್ತೆ ಅಥವಾ ವಾರ್ಡ್ ಸದಸ್ಯರಿಗೆ ಹೇಳಿ ಸೇರಿಸಲಿ. ನೆರೆಯ ಹಿಂದೂ, ಮುಸ್ಲಿಂ ಮನೆಗಳೂ ಈ ವಿಚಾರಣೆಯಲ್ಲಿ ಸೇರಬೇಕು. ಆದರೆ ರೋಗಿಯ ಒಪ್ಪಿಗೆಯಿಲ್ಲದೆ ಕಾಯಿಲೆಯ ವಿವರವನ್ನು ಕೂಟದಲ್ಲಿ ಓದಬಾರದು.

ಎರಡನೆಯದು ವಸ್ತುಗಳು. ಗಾಳಿ ಹಾಸಿಗೆ, ಗಾಲಿಕುರ್ಚಿ, ನಡೆಯುವ ಸ್ಟ್ಯಾಂಡ್, ತಲೆಭಾಗ ಎತ್ತಬಹುದಾದ ಮಂಚ, ಇವು ಒಂದು ಮನೆಯಲ್ಲಿ ಕೆಲಸ ಮುಗಿದ ಮೇಲೆ ಅಟ್ಟ ಸೇರುತ್ತವೆ. ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ಅವನ್ನು ಸಂಗ್ರಹಿಸಿ, ತೊಳೆದು, ಪುಸ್ತಕದಲ್ಲಿ ಬರೆದಿಟ್ಟು, ಬೇಕಾದವರಿಗೆ ಜಾತಿ ಮತ ನೋಡದೆ ಎರವಲು ಕೊಡಬಹುದು. ಮಸೀದಿ ಕಮಿಟಿ, ದೇವಸ್ಥಾನದ ಯುವಕ ಮಂಡಲ, ಕುಟುಂಬಶ್ರೀ ಘಟಕ ಇಂಥದ್ದನ್ನು ಈಗಾಗಲೇ ಮಾಡುತ್ತಿದ್ದರೆ ನಾವು ಇನ್ನೊಂದು ಬೋರ್ಡ್ ಹಾಕುವ ಬದಲು ಅವರ ಜೊತೆ ಸೇರುವುದು ಮೇಲು.

ಮೂರನೆಯದು ಕಲಿಕೆ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಚರ್ಮ ಕೆಂಪಗೆ ಅಥವಾ ಕಪ್ಪಗೆ ಕಂಡರೆ ಹುಣ್ಣಾಗುವ ತನಕ ಕಾಯದೆ ನರ್ಸಿಗೆ ಹೇಳಬೇಕು. ಕೆಂಪಾದ ಜಾಗವನ್ನು ತಿಕ್ಕಬಾರದು. ಬಾಯಿಯನ್ನು ದಿನವೂ ಮೆತ್ತಗಿನ ಬಟ್ಟೆಯಿಂದ ಶುಚಿಮಾಡಬೇಕು. ಮಲಗಿಸಿಕೊಂಡೇ ಗಂಜಿ ಕುಡಿಸಬಾರದು, ತಲೆ ಎತ್ತಿ ಕೂರಿಸಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಇಷ್ಟನ್ನು ಕಲಿಸಲು ಆರೋಗ್ಯ ಕೇಂದ್ರದ ನರ್ಸನ್ನು ಒಂದು ಭಾನುವಾರ ನಮ್ಮ ಸಭಾಂಗಣಕ್ಕೆ ಕರೆಯಬಹುದು.

ನಾಲ್ಕನೆಯದು, ಆರೈಕೆ ಮಾಡುವವರ ಆರೈಕೆ. ವಾರಕ್ಕೆ ಎರಡು ಗಂಟೆ ನೀವು ರೋಗಿಯ ಬಳಿ ಕುಳಿತರೆ ಆ ಮನೆಯ ತಾಯಿಗೆ ಪೇಟೆಗೆ ಹೋಗಿಬರಲು, ಪಾಪನಿವೇದನೆಗೆ ಬರಲು, ಅಥವಾ ಸುಮ್ಮನೆ ಮಲಗಲು ಆಗುತ್ತದೆ. ಆ ಎರಡು ಗಂಟೆ ಹಣ್ಣಿನ ಬುಟ್ಟಿಗಿಂತ ದೊಡ್ಡ ಕಾಣಿಕೆ.

ಮಾಡಬಾರದ್ದೂ ಇದೆ. ಗಾಲಿಕುರ್ಚಿ ಕೊಡುವ ಫೋಟೋ ತೆಗೆದು ಹಂಚಬಾರದು. ವೈದ್ಯರ ಮದ್ದು ನಿಲ್ಲಿಸಿ ಬೇರೆ ಮದ್ದು ಹೇಳಬಾರದು. ಅನ್ಯಮತದ ಮನೆಯಲ್ಲಿ ರೋಗಿಯ ದೌರ್ಬಲ್ಯವನ್ನು ಬೋಧನೆಯ ಅವಕಾಶವಾಗಿ ಬಳಸಬಾರದು. ಅವರು ಕೇಳಿದರೆ ಅವರ ಪ್ರಾರ್ಥನೆಗೇ ಜಾಗ ಮಾಡಿಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆರಂಭಿಸಿ ಮೂರು ತಿಂಗಳಿಗೆ ಬಿಟ್ಟುಬಿಡಬಾರದು. ಬರುತ್ತೇನೆಂದು ಹೇಳಿ ಬಾರದವರನ್ನು ಕಾಯುವ ನೋವಿಗೆ ಯಾವ ಮಾತ್ರೆಯೂ ಇಲ್ಲ.

ನಮ್ಮ ಸೇವೆ ಸರಕಾರದ ಕರ್ತವ್ಯಕ್ಕೆ ಬದಲಿಯೂ ಅಲ್ಲ. ನರ್ಸಿನ ಹುದ್ದೆ ಖಾಲಿ ಬಿದ್ದರೆ, ಔಷಧ ಮುಗಿದರೆ, ನಾವೇ ಹೇಗೋ ಸುಧಾರಿಸಿ ಸುಮ್ಮನಾಗದೆ ಗ್ರಾಮಸಭೆಯಲ್ಲಿ ಕೇಳಬೇಕು. ಅಂಥ ಪ್ರಶ್ನೆಯೂ ರೋಗಿಯ ಹಾಸಿಗೆಗೆ ಕೊಡುವ ಒಂದು ಹೆಗಲು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ವಾಳೆಯಲ್ಲಿ ಆರು ತಿಂಗಳಿಂದ ಬಲಿಪೂಜೆಗೆ ಬರಲಾಗದವರು ಯಾರು? ಅವರನ್ನು ಕೊನೆಯ ಸಲ ನೋಡಿ ಬಂದವರು ಯಾರು, ಯಾವಾಗ?
2. ಅವರಿಗೂ ಆರೋಗ್ಯ ಕೇಂದ್ರಕ್ಕೂ ನಡುವೆ ಇರುವ ಮಾಡು ಯಾವುದು: ದಾರಿಯೇ, ಹಣವೇ, ಭಾಷೆಯೇ, ಸಂಕೋಚವೇ? ಅದರ ಒಂದು ಹಂಚನ್ನಾದರೂ ಈ ತಿಂಗಳು ನಾವು ಹೇಗೆ ತೆಗೆಯಬಹುದು?
3. ನಮ್ಮಲ್ಲಿ ಕನ್ನಡ, ಮಲಯಾಳ ಎರಡನ್ನೂ ಚೆನ್ನಾಗಿ ಬಲ್ಲವರು ಯಾರು? ನರ್ಸ್ ಬರುವ ದಿನ ಜೊತೆಗಿರಲು ಅವರಲ್ಲಿ ಯಾರು ಒಪ್ಪುತ್ತಾರೆ?
4. ನೋವಿನ ಔಷಧದ ಬಗ್ಗೆ ನಮ್ಮ ಮನೆಯಲ್ಲಿ ಇರುವ ಭಯ ಯಾವುದು? ಈ ಪಾಠದ ನಂತರ ಅದರಲ್ಲಿ ಏನು ಉಳಿಯಿತು?
5. ಹಾಸಿಗೆಯ ನಾಲ್ಕು ಮೂಲೆ ಹಿಡಿಯಲು ನಮ್ಮ ಜೊತೆ ಬೇರೆ ಮತದ ಯಾರನ್ನು ಕರೆಯಬಹುದು?

ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಜಗದ್ಗುರು ಎರಡನೇ ಜಾನ್ ಪೌಲ್ 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವಾಗಿ ಸ್ಥಾಪಿಸಿದರು. ಆ ದಿನದ ಬಲಿಪೂಜೆಗೆ ರೋಗಿಗಳನ್ನು ಕರೆತರಲು ವಾಹನ ಗೊತ್ತುಮಾಡುವುದು ಒಳ್ಳೆಯದೇ. ಬರಲಾಗದವರ ಮನೆಗೆ ಆ ವಾರವೇ ಪರಮ ಪ್ರಸಾದದೊಂದಿಗೆ ಗುರುಗಳು, ಬಿಪಿ ನೋಡುವ ಯಂತ್ರದೊಂದಿಗೆ ನರ್ಸ್, ಗಂಜಿಯ ಬುತ್ತಿಯೊಂದಿಗೆ ನೆರೆಯವರು ಹೋಗುವಂತಾಗಲಿ. ಯಾವ ವಾಳೆಯಿಂದ ಯಾರು ಹೋಗುವರೆಂದು ಮುಂದಿನ ಕೂಟದಲ್ಲೇ ನಿಶ್ಚಯಿಸಿ, ಹೆಸರುಗಳನ್ನು ಪಾಲನಾ ಪರಿಷತ್ತಿಗೆ ಕೊಡಿ.